ಕನ್ನಡಕ ಬಿಡಿಸುವ ಆಪರೇಷನ್: ಲಾಸಿಕ್, ಸ್ಮೈಲ್, ಪಿಆರ್‌ಕೆ, ಐಸಿಎಲ್ ಪೈಕಿ ನಿಮ್ಮ ಕಣ್ಣಿಗೆ ಯಾವುದು?

"ಸಾರ್, ಲಾಸಿಕ್ ಒಳ್ಳೇದಾ, ಸ್ಮೈಲ್ ಒಳ್ಳೇದಾ?"

ಫೋನ್ ಎತ್ತಿದರೆ ಮೊದಲು ಬರುವ ಪ್ರಶ್ನೆ ಇದು. ಎರಡನೆಯದು "ಎಷ್ಟಾಗುತ್ತೆ?" ನಾನು ಕಣ್ಣಿನ ಆಸ್ಪತ್ರೆಯೊಂದರಲ್ಲಿ ಆಪ್ಟೊಮೆಟ್ರಿಸ್ಟ್. ಆಪರೇಷನ್ ಮಾಡುವವರು ಡಾಕ್ಟರು. ಅದಕ್ಕೆ ಮುಂಚೆ ನಿಮ್ಮನ್ನು ಒಂದು ಮೆಷಿನ್ನಿಂದ ಇನ್ನೊಂದಕ್ಕೆ ಕೂರಿಸಿ "ಗಲ್ಲ ಇಲ್ಲಿಡಿ, ಹಣೆ ಮುಂದೆ ಒತ್ತಿ, ಈಗ ಮಿಟುಕಿಸಬೇಡಿ" ಅನ್ನುವವನು ನಾನು. ಇಷ್ಟು ವರ್ಷ ಇದನ್ನೇ ಮಾಡಿದರೂ ಆ ಮೊದಲ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲು ನನಗೆ ಬಂದಿಲ್ಲ. ಚಪ್ಪಲಿ ಅಂಗಡಿಗೆ ಫೋನ್ ಮಾಡಿ "ಯಾವ ಸೈಜು ಒಳ್ಳೇದು" ಅಂತ ಕೇಳಿದ ಹಾಗೆ. ಕಾಲು ತೋರಿಸದೆ ಏನು ಹೇಳುವುದು?

ಮೊದಲು ಯಾವುದು ಏನು ಅಂತ ಬೇಗ ನೋಡಿಬಿಡೋಣ.

ಪಿಆರ್‌ಕೆ ಇವುಗಳಲ್ಲಿ ಹಳೆಯದು. ಕಾರ್ನಿಯಾ ಅಂದರೆ ಕರಿಗುಡ್ಡೆಯ ಮುಂದೆ ಗಾಜಿನಂತೆ ಇರುವ ಪದರ. ಅದರ ಮೇಲಿನ ತೆಳು ಸಿಪ್ಪೆಯನ್ನು ಸರಿಸಿ, ಕೆಳಗಿನ ಪದರಕ್ಕೆ ನೇರವಾಗಿ ಲೇಸರ್ ಹಾಯಿಸುತ್ತಾರೆ. ಸಿಪ್ಪೆ ನಾಲ್ಕೈದು ದಿನದಲ್ಲಿ ಮತ್ತೆ ಬೆಳೆಯುತ್ತದೆ. ಅಲ್ಲಿವರೆಗೆ ಉರಿ, ನೀರು, ಬೆಳಕು ಕಂಡರೆ ಆಗದು. ಲಾಸಿಕ್‌ನಲ್ಲಿ ಪುಸ್ತಕದ ಹಾಳೆ ಎತ್ತಿದ ಹಾಗೆ ಒಂದು ಪದರವನ್ನು ಮಗುಚಿ, ಒಳಗೆ ಲೇಸರ್ ಹಾಯಿಸಿ, ಹಾಳೆಯನ್ನು ವಾಪಸ್ ಕೂರಿಸುತ್ತಾರೆ. ಈ ಹಾಳೆಗೆ ಫ್ಲಾಪ್ ಅನ್ನುತ್ತಾರೆ. ಮಾರನೇ ದಿನವೇ ಚೆನ್ನಾಗಿ ಕಾಣುತ್ತದೆ. ಸ್ಮೈಲ್‌ನಲ್ಲಿ ಫ್ಲಾಪ್ ಇಲ್ಲ. ಕಾರ್ನಿಯಾದ ಒಳಗೇ ಲೇಸರಿನಿಂದ ಒಂದು ತೆಳು ಬಿಲ್ಲೆ ಕತ್ತರಿಸಿ, 2ರಿಂದ 4 ಮಿ.ಮೀ. ಕಿಂಡಿಯಿಂದ ಎಳೆದು ತೆಗೆಯುತ್ತಾರೆ. ಐಸಿಎಲ್ ಬೇರೆಯೇ ಜಾತಿ. ಅದರಲ್ಲಿ ಕಾರ್ನಿಯಾವನ್ನು ಕೆರೆಯುವುದೇ ಇಲ್ಲ. ಕಣ್ಣಿನೊಳಗೆ, ಬಣ್ಣದ ಪರದೆಯ ಹಿಂದೆ, ನಮ್ಮದೇ ಲೆನ್ಸಿನ ಮುಂದೆ ಇನ್ನೊಂದು ಪುಟಾಣಿ ಲೆನ್ಸ್ ಇಡುತ್ತಾರೆ. ಖರ್ಚಿನಲ್ಲಿ ಸಾಮಾನ್ಯವಾಗಿ ಪಿಆರ್‌ಕೆ ಕಡಿಮೆ, ಐಸಿಎಲ್ ಜಾಸ್ತಿ, ಉಳಿದೆರಡು ನಡುವೆ.

ಐದನೆಯ ದಾರಿ ಕನ್ನಡಕ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನು ಹಿಡಿಯುತ್ತೇನೆ.

ಅಕ್ಕನ ಕಣ್ಣು, ತಮ್ಮನ ಕಣ್ಣು

ಒಂದು ಸಲ ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಬಂದರು. ಇಬ್ಬರಿಗೂ ಮೈನಸ್ 7. ಚಿಕ್ಕಂದಿನಿಂದ ಸೋಡಾಬುಡ್ಡಿ ಅನ್ನಿಸಿಕೊಂಡವರು. ಅಕ್ಕನಿಗೆ 27, ತಮ್ಮನಿಗೆ 23. ಒಂದೇ ದಿನ ಇಬ್ಬರಿಗೂ ಲಾಸಿಕ್ ಮಾಡಿಸಿಕೊಂಡು ಹೋಗುವುದು ಅಂತ ಮನೆಯಲ್ಲೇ ತೀರ್ಮಾನ ಆಗಿತ್ತು. ಅಮ್ಮ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು.

ಕಾರ್ನಿಯಾ ಅಂದರೆ ಕರಿಗುಡ್ಡೆಯ ಮುಂದೆ ಗಾಜಿನಂತೆ ಇರುವ ಪದರ. ಒಟ್ಟು ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು, ಸರಾಸರಿ 540 ಮೈಕ್ರಾನ್. ಇಷ್ಟರಲ್ಲೇ ಹಲವು ಪದರ ಇವೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತಲ್ಲ, ಅದು ಆದದ್ದು ಹೀಗೇ. ಮುಂದಿನ ಪದರ ಇಬ್ಬರಿಗೆ, ಹಿಂದಿನ ಪದರ ಇಬ್ಬರಿಗೆ. ನಂಬರ್ ತೆಗೆಯುವ ಲೇಸರ್ ಕೆಲಸ ಮಾಡುವುದು ಈ ಮುಂದಿನ ಭಾಗದಲ್ಲಿ. ಮೇಲಿನ ಸಿಪ್ಪೆ ಬಿಟ್ಟರೆ, ಅಲ್ಲಿಂದ ತೆಗೆದದ್ದು ಮತ್ತೆ ಬೆಳೆಯುವುದಿಲ್ಲ.

ಹಾಗಾಗಿ ಮೊದಲು ಉಳಿತಾಯದ ಲೆಕ್ಕ. ಲೇಸರ್ 6.5 ಮಿ.ಮೀ. ಅಗಲಕ್ಕೆ ಹಾಯಿಸಿದರೆ ಒಂದು ನಂಬರಿಗೆ ಅಂದಾಜು 14 ಮೈಕ್ರಾನ್ ಹೋಗುತ್ತದೆ. ಮೈನಸ್ 7 ಅಂದರೆ 98. ಲಾಸಿಕ್ ಫ್ಲಾಪ್ ಸುಮಾರು 110 ಅಂತಿಟ್ಟುಕೊಳ್ಳಿ. ಅಕ್ಕನ ಕಾರ್ನಿಯಾ 550 ಇತ್ತು. ಅದರಲ್ಲಿ 110 ಮತ್ತು 98 ಕಳೆದರೆ 342 ಉಳಿಯಿತು. ತಮ್ಮನದು 490. ಉಳಿದದ್ದು 282.

ಕೆಳಗೆ ಕನಿಷ್ಠ 250 ಉಳಿಯಲೇಬೇಕು ಅನ್ನುವುದು ಹಳೆಯ ಗೆರೆ. ಈಗ ಬಹಳ ಡಾಕ್ಟರುಗಳು 300ಕ್ಕಿಂತ ಕೆಳಗೆ ಇಳಿಯಲು ಒಪ್ಪುವುದಿಲ್ಲ. ಇನ್ನೊಂದು ಲೆಕ್ಕವೂ ಇದೆ: ಫ್ಲಾಪ್ ಮತ್ತು ಲೇಸರ್ ಸೇರಿ ಮುಟ್ಟಿದ ಪಾಲು ಒಟ್ಟು ದಪ್ಪದ 40% ಮೀರಬಾರದು. ಅಕ್ಕನದು 38%, ತಮ್ಮನದು 42%. ನೋಡಿ, ಹಳೆಯ 250ರ ಗೆರೆ ಮಾತ್ರ ಹಿಡಿದು ಕೂತಿದ್ದರೆ ತಮ್ಮ ಪಾಸಾಗಿಬಿಡುತ್ತಿದ್ದ.

ಇನ್ನು ಸ್ಮೈಲ್? ಅದೇ ನಂಬರಿಗೆ ಅದರಲ್ಲಿ ತುಸು ಹೆಚ್ಚೇ ಹೋಗುತ್ತದೆ, ಹಾಗಾಗಿ ಅಲ್ಲಿ ಉಳಿತಾಯ ಇಲ್ಲ. ಪಿಆರ್‌ಕೆಯಲ್ಲಿ ಫ್ಲಾಪೇ ಇಲ್ಲ. ಸಿಪ್ಪೆಯ 50 ಮೈಕ್ರಾನ್ ಕಳೆದರೂ ತಮ್ಮನಿಗೆ 342 ಉಳಿಯುತ್ತಿತ್ತು, ಅಕ್ಕನಷ್ಟೇ. ಕಾಗದದ ಮೇಲೆ ಸಲೀಸು. "ಹಾಗಾದ್ರೆ ನಂಗೆ ಪಿಆರ್‌ಕೆ ಮಾಡಿ ಸಾರ್" ಅಂದ. ನಾನು ಪೆಂಟಾಕ್ಯಾಮ್ ಶೀಟನ್ನು ಅವನ ಕಡೆ ತಿರುಗಿಸಿದೆ.

ಬಣ್ಣದ ಶೀಟು ಓದುವುದು ಹೀಗೆ

ಪೆಂಟಾಕ್ಯಾಮ್ ಅಂದರೆ ತಿರುಗುವ ಕ್ಯಾಮೆರಾ. ಎರಡು ಸೆಕೆಂಡಿನಲ್ಲಿ ಕಾರ್ನಿಯಾದ ಮುಂದಿನ ಮೈ, ಹಿಂದಿನ ಮೈ, ಎಲ್ಲೆಲ್ಲಿ ಎಷ್ಟು ದಪ್ಪ ಅಂತ ನಕ್ಷೆ ಬರೆದು ಕೊಡುತ್ತದೆ. ಭೂಪಟದಲ್ಲಿ ಬೆಟ್ಟ ಒಂದು ಬಣ್ಣ, ಬಯಲು ಒಂದು ಬಣ್ಣ ಇರುವುದಿಲ್ಲವೇ, ಅದೇ ಥರ. ಕೆಂಪು ಅಂದರೆ ಡೊಂಕು ಜಾಸ್ತಿ, ನೀಲಿ ಅಂದರೆ ಚಪ್ಪಟೆ. ಸಿಲಿಂಡರ್ ನಂಬರ್ ಇರುವವರಿಗೆ ನಡುವೆ ಡಮರುಗದ ಆಕಾರ ಕಾಣುತ್ತದೆ. ಡಮರುಗದ ಎರಡೂ ಕಡೆ ಸಮ ಇದ್ದರೆ ಚಿಂತೆ ಇಲ್ಲ. ಅಕ್ಕನದು ಹಾಗೇ ಇತ್ತು.

ತಮ್ಮನದರಲ್ಲಿ ಕೆಳಗಿನ ಅರ್ಧ ಊದಿಕೊಂಡಿತ್ತು. ಕೇಸರಿ, ಅದರ ನಡುವೆ ಒಂದು ಕೆಂಪು ಚುಕ್ಕೆ. ಹಿಂದಿನ ಮೈಯ ನಕ್ಷೆಯಲ್ಲೂ ಅದೇ ಜಾಗದಲ್ಲಿ ಉಬ್ಬು. ಅತಿ ತೆಳು ಜಾಗವೂ ನಡುವಿನಿಂದ ಜಾರಿ ಅಲ್ಲೇ ಕೆಳಗೆ ಕೂತಿತ್ತು. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ಇದು ಕೆರಟೋಕೋನಸ್‌ನ ಅನುಮಾನ. ಕಾರ್ನಿಯಾ ನಿಧಾನಕ್ಕೆ ತೆಳುವಾಗುತ್ತಾ ಮುಂದಕ್ಕೆ ಚೂಪಾಗುವ ಕಾಯಿಲೆ. ಶುರುವಿನಲ್ಲಿ ರೋಗಿಗೆ ಏನೂ ಗೊತ್ತಾಗುವುದಿಲ್ಲ, ಕನ್ನಡಕ ಹಾಕಿದರೆ ಕೊನೆಯ ಸಾಲಿನವರೆಗೂ ಓದುತ್ತಾರೆ. ಇಂಥ ಕಣ್ಣಿಗೆ ಲೇಸರ್ ಹಾಯಿಸುವುದೆಂದರೆ ಮೊದಲೇ ಸಡಿಲವಾದ ಗೋಡೆಯಿಂದ ಇಟ್ಟಿಗೆ ಕಿತ್ತ ಹಾಗೆ. ತಿಂಗಳುಗಳೋ ವರ್ಷಗಳೋ ಆದ ಮೇಲೆ ಕಾರ್ನಿಯಾ ಉಬ್ಬಲು ಶುರುವಾಗಬಹುದು. ಅದಕ್ಕೆ ಎಕ್ಟೇಸಿಯಾ ಅನ್ನುತ್ತಾರೆ. ಆಗ ಕನ್ನಡಕದಿಂದಲೂ ಸರಿಯಾಗಿ ಕಾಣುವುದಿಲ್ಲ. ಆಪರೇಷನ್‌ಗೆ ಮುಂಚಿನ ಇಡೀ ತಪಾಸಣೆಯಲ್ಲಿ ನಾವು ಅತಿ ಹೆಚ್ಚು ಹೆದರುವುದು ಇದಕ್ಕೇ.

ನಿಮ್ಮ ಕೈಗೆ ಶೀಟು ಬಂದಾಗ ಎಲ್ಲವೂ ಅರ್ಥ ಆಗಬೇಕಿಲ್ಲ. ಒಂದೆರಡು ಕಡೆ ಕಣ್ಣು ಹಾಯಿಸಿ. ಮೂಲೆಯಲ್ಲಿ ಕ್ಯೂಎಸ್ ಅಂತ ಇರುತ್ತದೆ. ಅದರ ಎದುರು 'ಓಕೆ' ಇಲ್ಲದಿದ್ದರೆ ಆ ಸ್ಕ್ಯಾನೇ ಸರಿ ಬಂದಿಲ್ಲ ಅಂತ ಅರ್ಥ, ಮತ್ತೆ ತೆಗೆಯಲು ಹೇಳಿ. ಇನ್ನೊಂದು, ಬೆಲಿನ್ ಆಂಬ್ರೋಸಿಯೊ ಅನ್ನುವ ಪುಟದ ಕೆಳಗೆ 'ಡಿ' ಅನ್ನುವ ಕೊನೆಯ ಅಂಕಿ. ಅದು 1.6ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ. 1.6ರಿಂದ 2.6 ಅನುಮಾನ. ಅದರ ಮೇಲೆ ಹೋದರೆ ಕೆಂಪು ಬಣ್ಣ ಬಳಿದು ಕೊಡುತ್ತದೆ. ಒಂದು ಅಂಕಿಯಿಂದಲೇ ಯಾವ ಡಾಕ್ಟರೂ ತೀರ್ಪು ಕೊಡುವುದಿಲ್ಲ. ಆದರೆ ಹಳದಿ ಕೆಂಪು ಕಂಡೂ ಯಾರೂ ಏನೂ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ.

ಈಗೀಗ ಓಸಿಟಿ ಅನ್ನುವ ಇನ್ನೊಂದು ಸ್ಕ್ಯಾನಿನಲ್ಲಿ ಮೇಲಿನ ಸಿಪ್ಪೆಯ ದಪ್ಪದ ನಕ್ಷೆಯನ್ನೂ ತೆಗೆಯುತ್ತಾರೆ. ಸಿಪ್ಪೆಗೆ ಒಂದು ಜಾಣತನ ಇದೆ. ಕೆಳಗೆ ಉಬ್ಬು ಇದ್ದರೆ ಅದು ಅಲ್ಲಿ ತೆಳುವಾಗಿ, ಮೇಲಿಂದ ನೋಡುವವರಿಗೆ ಉಬ್ಬನ್ನು ಮುಚ್ಚಿಡುತ್ತದೆ. ಗುಂಡಿಗೆ ತೇಪೆ ಹಾಕಿ ರಸ್ತೆ ಸಮ ಮಾಡಿದ ಹಾಗೆ. ಅದಕ್ಕೇ ಮುಂದಿನ ಮೈಯ ಒಂದೇ ನಕ್ಷೆ ನೋಡಿ "ಎಲ್ಲಾ ಸರಿ ಇದೆ" ಅಂದರೆ ನನಗೆ ಸಮಾಧಾನ ಆಗುವುದಿಲ್ಲ.

"ಕಣ್ಣು ಉಜ್ಜುತ್ತೀಯಾ?" ಅಂತ ಕೇಳಿದೆ. "ಇಲ್ಲ ಸಾರ್" ಅಂದ. ಹಿಂದೆ ನಿಂತಿದ್ದ ಅಮ್ಮ ಬಿಡಲಿಲ್ಲ. "ಉಜ್ಜಲ್ವಾ? ರಾತ್ರಿ ಮುಷ್ಟಿ ಹಾಕಿ ಉಜ್ಜುತ್ತಾನೆ ಸಾರ್, ಬೆಳಿಗ್ಗೆ ಎದ್ದರೆ ಕೆಂಪಗೆ ಕೆಂಡ." ಅಲರ್ಜಿಯ ತುರಿಕೆ, ವರ್ಷಗಟ್ಟಲೆ ಉಜ್ಜುವುದು, ಕೆರಟೋಕೋನಸ್, ಇವು ಜೊತೆಜೊತೆಗೇ ಬರುತ್ತವೆ. ಮನೆಯಲ್ಲಿ ಇನ್ಯಾರಿಗಾದರೂ ಇದೆಯಾ ಅಂತಲೂ ಕೇಳುತ್ತೇವೆ. ಈ ಪ್ರಶ್ನೆಗಳಿಗೆ ಮೆಷಿನ್ ಬೇಡ, ಆದರೂ ತರಾತುರಿಯಲ್ಲಿ ಮೊದಲು ಬಿಟ್ಟುಹೋಗುವುದು ಇವೇ.

ಡಾಕ್ಟರು ತಮ್ಮನಿಗೆ ಮೂರೂ ಲೇಸರ್ ಬೇಡ ಅಂದರು. ತುರಿಕೆಗೆ ಔಷಧಿ, ಉಜ್ಜುವುದು ಬಂದ್, ಆರು ತಿಂಗಳ ನಂತರ ಮತ್ತೆ ಸ್ಕ್ಯಾನ್. ಉಬ್ಬು ಹೆಚ್ಚಾಗಿದ್ದರೆ ಮೊದಲು ಸಿ3ಆರ್. ಅದು ರೈಬೋಫ್ಲೇವಿನ್ ಡ್ರಾಪ್ಸ್ ಹಾಕಿ ಯುವಿ ಬೆಳಕು ಬಿಟ್ಟು ಕಾರ್ನಿಯಾ ಗಟ್ಟಿ ಮಾಡುವ ಚಿಕಿತ್ಸೆ, ನಂಬರ್ ತೆಗೆಯುವುದಕ್ಕಲ್ಲ. ಎಲ್ಲ ಸ್ಥಿರವಾಗಿ ನಿಂತರೆ ಮುಂದೆ ಐಸಿಎಲ್ ಯೋಚಿಸಬಹುದು. ಅವನ ಮುಖ ಸಣ್ಣದಾಯಿತು. ನನಗೂ ಬೇಜಾರಾಯಿತು, ಆದರೆ ಏನು ಮಾಡುವುದು.

ಐಸಿಎಲ್‌ಗೆ ಅಳತೆಯೇ ಬೇರೆ

ಕಾರ್ನಿಯಾ ತೆಳು, ನಂಬರ್ ಜಾಸ್ತಿ ಅಂದ ಕೂಡಲೇ "ಐಸಿಎಲ್ ಹಾಕಿಸಿಬಿಡಿ" ಅಂತ ಸಲಹೆ ಬರುತ್ತದೆ. ಅದಕ್ಕೂ ಕಣ್ಣು ಒಪ್ಪಬೇಕು. ಕಾರ್ನಿಯಾದ ಹಿಂದೆ ಲೆನ್ಸ್ ಕೂರಲು ಜಾಗ ಬೇಕು. ಆ ಆಳ 2.8ರಿಂದ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಹಾಕುವುದಿಲ್ಲ. ಕಾರ್ನಿಯಾದ ಒಳಮೈಯಲ್ಲಿರುವ ಎಂಡೋಥೀಲಿಯಂ ಕಣಗಳನ್ನು ಎಣಿಸುತ್ತಾರೆ. ಅವು ಒಮ್ಮೆ ಕಡಿಮೆಯಾದರೆ ಮತ್ತೆ ಹುಟ್ಟುವುದಿಲ್ಲ. ಕಣ್ಣಿನ ಅಡ್ಡಳತೆ ನೋಡಿ ಲೆನ್ಸಿನ ಸೈಜು ತೀರ್ಮಾನ. ಸೈಜು ತಪ್ಪಿ ಚಿಕ್ಕದಾದರೆ ನಮ್ಮದೇ ಲೆನ್ಸಿಗೆ ತಾಗಿ ಪೊರೆ ಬರಬಹುದು. ದೊಡ್ಡದಾದರೆ ಒಳಗಿನ ನೀರಿನ ದಾರಿ ಕಟ್ಟಿ ಕಣ್ಣಿನ ಪ್ರೆಶರ್ ಏರಬಹುದು.

ಅದರ ದೊಡ್ಡ ಗುಣ ಅಂದರೆ ಬೇಕಾದರೆ ತೆಗೆಯಬಹುದು, ಕಾರ್ನಿಯಾದಿಂದ ಪದರ ಹೋಗಿರುವುದಿಲ್ಲ. ಒಣಕಣ್ಣಿನ ಕಾಟವೂ ಕಡಿಮೆ. ಆದರೆ ಪ್ರತಿವರ್ಷ ತೋರಿಸಬೇಕು. ಒಮ್ಮೆ ಹಾಕಿಸಿ ಮರೆತುಬಿಡುವವರಿಗೆ ನಾನು ಇದನ್ನು ಹೇಳಲು ಹಿಂಜರಿಯುತ್ತೇನೆ.

ಕಣ್ಣೀರಿನ ಪಟ್ಟಿ

ಅಕ್ಕನಿಗೂ ಅವತ್ತು ಆಪರೇಷನ್ ಆಗಲಿಲ್ಲ. ಕೆಳರೆಪ್ಪೆಗೆ ಒಂದು ತೆಳು ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತೇವೆ, ಶಿರ್ಮರ್ ಟೆಸ್ಟ್ ಅಂತ. ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಅನ್ನುವುದು ಲೆಕ್ಕ. 10 ದಾಟಿದರೆ ನೆಮ್ಮದಿ. ಅವರದು 6ಕ್ಕೇ ನಿಂತಿತ್ತು. ದಿನವಿಡೀ ಎಸಿ, ಎದುರಿಗೆ ಸ್ಕ್ರೀನು, ಹತ್ತು ವರ್ಷದಿಂದ ಕಾಂಟ್ಯಾಕ್ಟ್ ಲೆನ್ಸ್. ಇನ್ನೇನಾಗುತ್ತದೆ?

ಲಾಸಿಕ್ ಫ್ಲಾಪ್ ಎತ್ತುವಾಗ ಕಾರ್ನಿಯಾದ ನರಗಳು ತುಂಡಾಗುತ್ತವೆ, ಅದರಿಂದ ಕೆಲವು ತಿಂಗಳು ಕಣ್ಣು ಇನ್ನಷ್ಟು ಒಣಗುತ್ತದೆ. ಸ್ಮೈಲ್‌ನಲ್ಲಿ ಕಿಂಡಿ ಚಿಕ್ಕದು, ಹಾಗಾಗಿ ಒಣಗುವುದು ತುಸು ಕಮ್ಮಿ. ಆದರೆ ಒಣಕಣ್ಣನ್ನು ಹಾಗೇ ಬಿಟ್ಟು ಸ್ಮೈಲ್ ಮಾಡಿಸಿದರೆ ಆಯಿತು ಅನ್ನುವುದು ಸರಿಯಲ್ಲ. ಮೊದಲು ಒಣಕಣ್ಣು ವಾಸಿಯಾಗಬೇಕು. ಇನ್ನೊಂದು ಕಾರಣವೂ ಇದೆ: ಒಣಗಿದ ಮೈಯ ಮೇಲೆ ತೆಗೆದ ಅಳತೆಯೇ ತಪ್ಪು ಬರುತ್ತದೆ. ಎರಡು ತಿಂಗಳು ಡ್ರಾಪ್ಸ್ ಹಾಕಿ, ರೆಪ್ಪೆಗೆ ಬಿಸಿ ಶಾಖ ಕೊಟ್ಟುಕೊಂಡು ಬಂದರು. ಪಟ್ಟಿ 12 ತೋರಿಸಿತು. ಆಮೇಲೆಯೇ ಲಾಸಿಕ್.

ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಅದು ಕಣ್ಣನ್ನು ಒಣಗಿಸುತ್ತದೆ. ಚರ್ಮದ ಡಾಕ್ಟರ ಔಷಧಿಯನ್ನು ಕಣ್ಣಿನ ಡಾಕ್ಟರಿಗೆ ಯಾರೂ ಹೇಳುವುದಿಲ್ಲ. ಸಕ್ಕರೆ ಕಾಯಿಲೆ, ಕೀಲುವಾತ, ಬಸಿರು, ಮಗುವಿಗೆ ಎದೆಹಾಲು ಕೊಡುತ್ತಿರುವುದು, ಇವೂ ಹಾಗೇ. ಬಸಿರಿನಲ್ಲಿ ಮತ್ತು ಹಾಲು ಕೊಡುವಾಗ ನಂಬರ್ ಏರಿಳಿಯಬಹುದು, ಅದು ಮುಗಿದು ಕೆಲವು ತಿಂಗಳು ಕಾಯಬೇಕು.

ನಂಬರ್ ನಿಂತಿದೆಯಾ?

ವಯಸ್ಸು ಕನಿಷ್ಠ 18, ನನ್ನ ಕೇಳಿದರೆ 21 ಆಗಲಿ. ಕಳೆದ ಒಂದು ವರ್ಷದಲ್ಲಿ ನಂಬರ್ 0.5ಕ್ಕಿಂತ ಜಾಸ್ತಿ ಬದಲಾಗಿರಬಾರದು. ಹಳೆಯ ಚೀಟಿ ತನ್ನಿ. ಚೀಟಿ ಕಳೆದಿದ್ದರೆ ಹಳೆಯ ಕನ್ನಡಕವನ್ನೇ ತನ್ನಿ, ಅದರಿಂದ ನಂಬರ್ ಅಳೆಯುತ್ತೇವೆ.

ಕಾಂಟ್ಯಾಕ್ಟ್ ಲೆನ್ಸ್ ವಿಷಯದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ. ಸಾಫ್ಟ್ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಮೂರು ನಾಲ್ಕು ವಾರ ತೆಗೆದಿಟ್ಟು ಬರಬೇಕು. ಲೆನ್ಸ್ ಕಾರ್ನಿಯಾವನ್ನು ಒತ್ತಿ ಆಕಾರ ಬದಲಿಸಿರುತ್ತದೆ. ಮದುವೆಗೆ ಮೂರು ವಾರ ಇದೆ ಅಂತ ಒಬ್ಬ ಹುಡುಗಿ ಬಂದಿದ್ದಳು. "ಎರಡು ವಾರದಿಂದ ಹಾಕಿಲ್ಲ" ಅಂದಳು. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಲೆನ್ಸ್ ಕಣ್ಣಿನಲ್ಲೇ ಇತ್ತು! ಇಬ್ಬರೂ ನಕ್ಕೆವು. ಮದುವೆ ಕನ್ನಡಕದಲ್ಲೇ ಆಯಿತು, ಆಪರೇಷನ್ ಆಮೇಲೆ.

ನಂಬರ್ ಎರಡು ಸಲ ನೋಡುತ್ತೇವೆ, ಡ್ರಾಪ್ಸ್ ಹಾಕುವ ಮುಂಚೆ ಮತ್ತು ಹಾಕಿದ ಮೇಲೆ. ಚಿಕ್ಕ ವಯಸ್ಸಿನವರ ಕಣ್ಣು ಒಳಗೇ ಬಿಗಿ ಹಿಡಿದು ಇಲ್ಲದ ಮೈನಸ್ಸನ್ನು ತೋರಿಸುತ್ತದೆ. ಡ್ರಾಪ್ಸ್ ಬಿಗಿ ಬಿಡಿಸುತ್ತದೆ. ಪಾಪೆ ದೊಡ್ಡದಾದಾಗ ಕಣ್ಣಿನ ಹಿಂದಿನ ಪರದೆಯನ್ನೂ, ಅಂದರೆ ರೆಟಿನಾವನ್ನೂ ನೋಡಬಹುದು. ಮೈನಸ್ ಜಾಸ್ತಿ ಇರುವವರ ಪರದೆ ಅಂಚಿನಲ್ಲಿ ತೆಳುವಾಗಿ ತೂತು ಬಿದ್ದಿರಬಹುದು, ಅದಕ್ಕೆ ಮೊದಲು ಸುತ್ತ ಲೇಸರ್ ಬೇಲಿ ಹಾಕುತ್ತಾರೆ. ನಂಬರ್ ಹೋದ ಮೇಲೂ ಆ ಪರದೆ ಮೈನಸ್ 7ರ ಪರದೆಯೇ. ಈ ಡ್ರಾಪ್ಸ್ ಹಾಕುವ ದಿನ ಸ್ಕೂಟರಿನಲ್ಲಿ ಬರಬೇಡಿ, ಗಂಟೆಗಟ್ಟಲೆ ಎಲ್ಲ ಮಸುಕು.

40 ದಾಟಿದವರಿಗೆ ಒಂದು ಮಾತು. ಮೈನಸ್ 3 ಇರುವ ಮೇಷ್ಟ್ರೊಬ್ಬರು, 44 ವರ್ಷ, ಕನ್ನಡಕ ಹಣೆಗೇರಿಸಿ ಪೇಪರ್ ಓದುತ್ತಾ ಕಾಯುತ್ತಿದ್ದರು. "ಸಾರ್, ಈಗ ಓದುತ್ತಿದ್ದೀರಲ್ಲ, ಆಪರೇಷನ್ ಆದ ಮೇಲೆ ಇದಕ್ಕೇ ಕನ್ನಡಕ ಬೇಕಾಗುತ್ತದೆ" ಅಂದೆ. ಮೈನಸ್ 3ರ ಬರಿಗಣ್ಣು ಸುಮಾರು 33 ಸೆಂ.ಮೀ. ದೂರಕ್ಕೆ ತಾನಾಗಿ ಫೋಕಸ್ ಆಗಿರುತ್ತದೆ, ಅದೇ ಓದುವ ದೂರ. ಅದನ್ನು ತೆಗೆದರೆ ದೂರದ್ದು ಸಿಗುತ್ತದೆ, ಹತ್ತಿರದ್ದು ಹೋಗುತ್ತದೆ. ಒಂದು ಕಣ್ಣಿಗೆ ಸ್ವಲ್ಪ ಮೈನಸ್ ಉಳಿಸುವ ದಾರಿ ಇದೆ, ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಒಂದು ವಾರ ಓಡಾಡಿ ನೋಡಬಹುದು. ಮೇಷ್ಟ್ರು ನೋಡಿದರು. ತಲೆ ಸುತ್ತುತ್ತೆ ಅಂತ ಬಿಟ್ಟರು.

ಬದುಕು ನೋಡಿ ಆಯ್ಕೆ

ಎಲ್ಲ ಅಳತೆ ಮುಗಿದು ಎರಡು ಮೂರು ದಾರಿ ತೆರೆದಿದ್ದರೆ ಆಗ ನಿಮ್ಮ ಇಷ್ಟದ ಮಾತು ಬರುತ್ತದೆ. ಕಬಡ್ಡಿ, ಕುಸ್ತಿ, ಬಾಕ್ಸಿಂಗ್ ಆಡುವವರಿಗೆ ಫ್ಲಾಪ್ ಬೇಡ, ಪೆಟ್ಟು ಬಿದ್ದರೆ ಜರುಗಬಹುದು. ಪಿಆರ್‌ಕೆ ಅಥವಾ ಸ್ಮೈಲ್ ನೋಡಿ. ಮೂರು ದಿನವೂ ರಜೆ ಸಿಗದವರಿಗೆ ಪಿಆರ್‌ಕೆ ಕಷ್ಟ. ಪ್ಲಸ್ ನಂಬರಿಗೆ ಸ್ಮೈಲ್ ನಮ್ಮಲ್ಲಿ ಸಾಮಾನ್ಯವಾಗಿ ಇಲ್ಲ, ಲಾಸಿಕ್ ನೋಡಬೇಕು. ಚೂರು ನಂಬರ್ ಉಳಿದು ಮತ್ತೆ ತಿದ್ದಬೇಕಾದರೆ ಲಾಸಿಕ್‌ನಲ್ಲಿ ಸುಲಭ, ಸ್ಮೈಲ್‌ನಲ್ಲಿ ತಾಪತ್ರಯ. ರಾತ್ರಿ ಬಸ್ಸು ಲಾರಿ ಓಡಿಸುವವರು, ಕತ್ತಲಲ್ಲಿ ಪಾಪೆ ಎಷ್ಟು ದೊಡ್ಡದಾಗುತ್ತದೆ, ಎದುರಿನ ದೀಪದ ಸುತ್ತ ಬಳೆ ಕಾಣಬಹುದಾ ಅಂತ ಕೇಳಲೇಬೇಕು. ಸೇನೆ, ಪೊಲೀಸ್, ರೈಲ್ವೆ ಪರೀಕ್ಷೆ ಬರೆಯುವವರು ಆ ಹುದ್ದೆಯ ನಿಯಮ ಮೊದಲು ಓದಿ. ಕೆಲವಕ್ಕೆ ಆಪರೇಷನ್ ಆದ ಕಣ್ಣು ನಡೆಯುವುದೇ ಇಲ್ಲ, ಕೆಲವಕ್ಕೆ ಇಂತಿಷ್ಟು ತಿಂಗಳು ಕಳೆದಿರಬೇಕು.

ಆಸ್ಪತ್ರೆಗಳನ್ನು ಹೋಲಿಸುವವರು ಮೆಷಿನ್ನಿನ ಹೆಸರು, ಡಿಸ್ಕೌಂಟು ಹೋಲಿಸುತ್ತಾರೆ. ನಾನಾದರೆ ತಪಾಸಣೆಗೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡುತ್ತೇನೆ. ಡ್ರಾಪ್ಸ್ ಹಾಕಿ ಕಾಯಿಸಿ ಎಲ್ಲ ಮಾಡಿದರೆ ಎರಡು ಗಂಟೆಯಾದರೂ ಬೇಕು. ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಡ್ರಾಪ್ಸೂ ಹಾಕದೆ "ನಾಳೆ ಬನ್ನಿ, ಆಫರ್ ಇದೆ" ಅಂದರೆ ಎದ್ದು ಬನ್ನಿ. ಆಪರೇಷನ್ ಮಾಡುವ ಡಾಕ್ಟರೇ ನಿಮ್ಮ ಶೀಟು ನೋಡಿ ಮಾತಾಡಿದರಾ? ನನ್ನಂಥವನು ಹೇಳಿದ್ದು ಸಾಲದು. ಯಾರಾದರೂ ಬೇಡ ಅಂದರೆ ಬೇರೆ ಕಡೆ ಇನ್ನೊಂದು ಅಭಿಪ್ರಾಯ ಕೇಳಿ, ತಪ್ಪಿಲ್ಲ. ಆದರೆ ಹೂಂ ಅನ್ನುವವರು ಸಿಗುವ ತನಕ ಆಸ್ಪತ್ರೆ ಸುತ್ತಬೇಡಿ. ಸುತ್ತಿದರೆ ಸಿಕ್ಕೇ ಸಿಗುತ್ತಾರೆ.

ರಿಪೋರ್ಟುಗಳ ಪ್ರತಿ ಕೇಳಿ ಪಡೆಯಿರಿ, ಆಪರೇಷನ್ ಮಾಡಿಸಿದರೂ ಬಿಟ್ಟರೂ. ಮೂವತ್ತು ವರ್ಷದ ಮೇಲೆ ಪೊರೆ ಬಂದಾಗ ಒಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕಕ್ಕೆ ಲೇಸರ್ ಮುಂಚಿನ ಅಳತೆ ಬಹಳ ಉಪಯೋಗಕ್ಕೆ ಬರುತ್ತದೆ. ಕಣ್ಣಿನ ಪ್ರೆಶರ್ ನೋಡುವವರಿಗೂ ಹೇಳಬೇಕು, ತೆಳುವಾದ ಕಾರ್ನಿಯಾದ ಮೇಲೆ ಪ್ರೆಶರ್ ಕಡಿಮೆ ತೋರಿಸುತ್ತದೆ. ಅಕ್ಕ ತಮ್ಮಂದಿರ ಅಮ್ಮನಿಗೆ ಇದನ್ನು ಹೇಳಿದಾಗ "ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಕವರಿನಲ್ಲೇ ಇಡ್ತೀನಿ ಸಾರ್" ಅಂದರು. ಇಬ್ಬರದ್ದೂ ಮಡಚದೆ ಚೀಲಕ್ಕೆ ಹಾಕಿಕೊಂಡರು. ತಮ್ಮ ಆರು ತಿಂಗಳಿಗೆ ಸರಿಯಾಗಿ ಬಂದ. ಕೆಂಪು ಚುಕ್ಕೆ ಇದ್ದಲ್ಲೇ ಇತ್ತು, ದೊಡ್ಡದಾಗಿರಲಿಲ್ಲ. ಕನ್ನಡಕದ ಫ್ರೇಮ್ ಮಾತ್ರ ಹೊಸದು.